ಅಚ್ಚಾಗಿದೆ, ಗೋದಾಮಿನಲ್ಲೂ ಇದೆ

"ಹಾಗಾದ್ರೆ ಅದು ಯಾರದ್ದು?"

2025ರ ಜುಲೈನ ಒಂದು ಬುಧವಾರ ನ್ಯೂಜೆರ್ಸಿಯ ಒಂದು ಕಾಮಿಕ್ಸ್ ಅಂಗಡಿಯಲ್ಲಿ ಹದಿನಾಲ್ಕೋ ಹದಿನೈದೋ ವಯಸ್ಸಿನ ಹುಡುಗಿ ಕೇಳಿದ ಪ್ರಶ್ನೆ ಇದು. ಸಣ್ಣ ಪ್ರಕಾಶನವೊಂದರ ಮಾಲಿಕೆಯ ನಾಲ್ಕನೇ ಸಂಚಿಕೆ ಬಂತಾ ಎಂದು ವಿಚಾರಿಸಲು ಬಂದಿದ್ದಳು. ಅಂಗಡಿಯವರು ಕೈಯಲ್ಲಿದ್ದ ಬಿಲ್ಲು ಕೆಳಗಿಟ್ಟು, "ಅಚ್ಚಾಗಿದೆ. ವಿತರಕರ ಗೋದಾಮಿನಲ್ಲೂ ಇದೆ. ನನಗೆ ಬರ್ತಿಲ್ಲ, ಅಷ್ಟೇ" ಅಂದರು. ಪ್ರಕಾಶಕರನ್ನೇ ಕೇಳಬಹುದಲ್ವಾ ಅಂದಳು. "ಅವರ ಪುಸ್ತಕ ಅವರಿಗೇ ವಾಪಸ್ ಸಿಗ್ತಿಲ್ಲ" ಅಂದರು. ಆಗ ಬಂತು ಆ ಪ್ರಶ್ನೆ.

ಅವರು ಉತ್ತರ ಕೊಡಲಿಲ್ಲ. ಮೂರನೇ ಸಂಚಿಕೆಯೊಂದನ್ನು ತೆಗೆದು, ಬಾರ್‌ಕೋಡಿನ ಬಲಕ್ಕಿರುವ ಐದು ಚಿಕ್ಕ ಅಂಕಿಗಳ ಮೇಲೆ ಬೆರಳಿಟ್ಟರು: 00311. ಮೊದಲ ಮೂರು ಅಂಕಿ ಸಂಚಿಕೆಯ ಸಂಖ್ಯೆ, ನಾಲ್ಕನೆಯದು ಯಾವ ಮುಖಪುಟ, ಐದನೆಯದು ಎಷ್ಟನೇ ಮುದ್ರಣ. 00411 ಅಂತ ಇರೋದು ಕಣ್ಣಿಗೆ ಬಿದ್ದ ದಿನ ನಿನ್ನ ಹೆಸರಿಗೆ ಎತ್ತಿಡ್ತೀನಿ ಅಂತ ಹೇಳಿ, ಹೆಸರು ಬರೆದುಕೊಂಡರು. ಒಳ್ಳೆಯ ಮನುಷ್ಯ. ಆದರೆ ಆ ಹುಡುಗಿ ಕೇಳಿದ್ದು ಬೇರೆ. ಇಡೀ ಕಾಮಿಕ್ಸ್ ವ್ಯಾಪಾರ ಐವತ್ತು ವರ್ಷಗಳಿಂದ ಜಾರಿಕೊಂಡು ಬಂದಿರುವ ಪ್ರಶ್ನೆಯನ್ನೇ ಅವಳು ನೇರವಾಗಿ ಕೇಳಿಬಿಟ್ಟಿದ್ದಳು. ಪುಸ್ತಕ ಮಾರಾಟವಾಗದೆ ಉಳಿದರೆ, ಅಥವಾ ದಾರಿಯಲ್ಲೇ ಸಿಕ್ಕಿಕೊಂಡರೆ, ಆ ನಷ್ಟ ಯಾರದ್ದು?

ನಮ್ಮ ಕಡೆ ವಾರಪತ್ರಿಕೆ ತರಿಸುವ ಏಜೆಂಟರಿಗೆ ಉಳಿದ ಪ್ರತಿಗಳ ಚಿಂತೆ ಅಷ್ಟಾಗಿ ಇರುವುದಿಲ್ಲ. ಕಟ್ಟು ಕಟ್ಟಿ ರಿಟರ್ನ್ ಕಳಿಸುತ್ತಾರೆ. ಅಮೆರಿಕದಲ್ಲೂ ಕಾಮಿಕ್ಸ್ ಮೊದಲು ಪತ್ರಿಕೆ ಅಂಗಡಿಗಳಲ್ಲಿ ಹೀಗೇ ಮಾರಾಟವಾಗುತ್ತಿತ್ತು. ಉಳಿದ ಪ್ರತಿಯ ಮುಖಪುಟ ಹರಿದು ವಾಪಸ್ ಕಳಿಸಿದರೆ ದುಡ್ಡು ಮುರಿದುಕೊಳ್ಳುತ್ತಿದ್ದರು. ಆಮೇಲೆ ಅದೂ ಬೇಡವಾಗಿ, "ಇಷ್ಟು ಪ್ರತಿ ನಾಶ ಮಾಡಿದ್ದೇವೆ" ಎಂದು ಬರೆದುಕೊಟ್ಟರೆ ಸಾಕು ಎಂದಾಯಿತು. ನಾಶವಾಯಿತೆಂದು ಬರೆದುಕೊಟ್ಟ ಪ್ರತಿಗಳು ಹಿಂಬಾಗಿಲಿನಿಂದ ಮಾರಾಟವಾಗಲು ಶುರುವಾದವು. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಕಾಮಿಕ್ಸ್ ವ್ಯಾಪಾರಿ ಫಿಲ್ ಸ್ಯೂಲಿಂಗ್ ಪ್ರಕಾಶಕರ ಮುಂದೆ ಹೊಸ ಕರಾರು ಇಟ್ಟರು: ಡಿಸ್ಕೌಂಟ್ ಜಾಸ್ತಿ ಕೊಡಿ, ಉಳಿದದ್ದನ್ನು ನಾವು ವಾಪಸ್ ಕಳಿಸುವುದಿಲ್ಲ. ಇದೇ ಡೈರೆಕ್ಟ್ ಮಾರ್ಕೆಟ್. ಕಾಮಿಕ್ಸ್ ಅಂಗಡಿ ಎನ್ನುವ ಜಾಗವೇ ಹುಟ್ಟಿದ್ದು ಈ ಕರಾರಿನಿಂದ. ಉಳಿದದ್ದೆಲ್ಲ ಅಂಗಡಿಯವನ ತಲೆಗೆ ಬಂದದ್ದೂ ಇದರಿಂದಲೇ.

ಆ ಭಾರ ಎಷ್ಟು ಅಂತ ಲೆಕ್ಕ ಹಾಕಿ. 4.99 ಡಾಲರ್ ಮುಖಬೆಲೆಯ ಸಂಚಿಕೆಯನ್ನು ಶೇ. 50 ಡಿಸ್ಕೌಂಟಿನಲ್ಲಿ ಹತ್ತು ಪ್ರತಿ ತರಿಸಿದರೆ ಖರ್ಚು 24.95. ಐದು ಪ್ರತಿ ಹೋದರೆ ಹಾಕಿದ ದುಡ್ಡು ಕೈಸೇರಿತು. ಆರನೆಯದು ಸಾಗಣೆ ಖರ್ಚಿಗೆ, ಪ್ಲಾಸ್ಟಿಕ್ ಚೀಲಕ್ಕೆ, ಹಿಂದೆ ಇಡುವ ರಟ್ಟಿಗೆ. ಬಾಡಿಗೆ, ಕರೆಂಟು, ಸಂಬಳ ಎಲ್ಲವೂ ಏಳನೇ ಪ್ರತಿಯಿಂದಾಚೆಗೆ ಹುಟ್ಟಬೇಕು. ಎಂಟು ಹೋದರೆ ಗೆದ್ದಂತೆ. ಐದಕ್ಕೇ ನಿಂತರೆ ಉಳಿದ ಐದು ಪ್ರತಿ ಹಿಂದಿನ ಕೋಣೆಯ ಉದ್ದ ಪೆಟ್ಟಿಗೆ ಸೇರಿ, ಮುಂದೊಂದು ದಿನ ಒಂದೊಂದು ಡಾಲರಿಗೆ ಹೋಗಬೇಕು.

ಎಷ್ಟು ತರಿಸಬೇಕೆಂದು ತೀರ್ಮಾನಿಸುವುದು ಇನ್ನೂ ಕಷ್ಟ. ಪುಸ್ತಕ ಬರುವ ಎರಡು ತಿಂಗಳು ಮೊದಲೇ ಕ್ಯಾಟಲಾಗ್ ನೋಡಿ ಮೊದಲ ಆರ್ಡರ್ ಹಾಕಬೇಕು. ಅದನ್ನು ತಿದ್ದಲು ಕೊನೆಯ ಅವಕಾಶ, ಅಂಗಡಿಯವರ ಬಾಯಲ್ಲಿ ಎಫ್‌ಒಸಿ, ಸಾಮಾನ್ಯವಾಗಿ ಮೂರು ನಾಲ್ಕು ವಾರ ಮೊದಲು ಮುಗಿಯುತ್ತದೆ. ಹೊಸ ಮಾಲಿಕೆಯ ಒಂದನೇ ಸಂಚಿಕೆ ಕಪಾಟಿಗೆ ಬಂದ ಬುಧವಾರ ಎರಡನೆಯದರ ಎಫ್‌ಒಸಿ ಬಾಗಿಲಲ್ಲೇ ನಿಂತಿರುತ್ತದೆ, ಮೂರನೆಯದರ ಮೊದಲ ಆರ್ಡರ್ ಹೋಗಿಯಾಗಿರುತ್ತದೆ. ಒಬ್ಬ ಓದುಗನೂ ಒಂದು ಪುಟ ಓದುವ ಮೊದಲೇ ಮೂರು ತಿಂಗಳ ದುಡ್ಡು ಕಟ್ಟಿದಂತಾಯಿತು. ಇಂಥ ವ್ಯಾಪಾರದಲ್ಲಿ ಹುಷಾರಿನವರು ಎರಡನೇ ಸಂಚಿಕೆಯನ್ನು ಮೊದಲನೆಯದರ ಅರ್ಧಕ್ಕೆ ಇಳಿಸುತ್ತಾರೆ. ಅಪರೂಪಕ್ಕೆ ಮಾಲಿಕೆ ಹಿಡಿದುಬಿಟ್ಟರೆ ಎರಡನೆಯದೇ ಸಾಲುವುದಿಲ್ಲ. ಅದು ಸಿಗದ ಓದುಗ ಮೂರನೆಯದಕ್ಕೆ ಬರುವುದೂ ಇಲ್ಲ.

ಇದರ ಮೇಲೆ ವೇರಿಯಂಟ್ ಮುಖಪುಟಗಳ, ಅಂದರೆ ಅದೇ ಸಂಚಿಕೆಗೆ ಬೇರೆ ಚಿತ್ರ ಹಾಕಿದ ಮುಖಪುಟಗಳ, ಕಾಟ. 1:25 ಅಂದರೆ ಸಾಮಾನ್ಯ ಮುಖಪುಟದ 25 ಪ್ರತಿ ತೆಗೆದುಕೊಂಡರೆ ವಿಶೇಷ ಮುಖಪುಟದ ಒಂದು. ಹತ್ತು ಪ್ರತಿಗಷ್ಟೇ ಗಿರಾಕಿಗಳಿರುವ ಅಂಗಡಿಯವರು ಆ ಒಂದರ ಆಸೆಗೆ ಹದಿನೈದು ಹೆಚ್ಚು ತರಿಸುತ್ತಾರೆ. ಆ ಒಂದು ಒಳ್ಳೆ ಬೆಲೆಗೆ ಹೋದರೆ ಸರಿ. ಹೋಗದಿದ್ದರೆ ಹದಿನಾರೂ ಉಳಿಯುತ್ತವೆ. ಪ್ರಕಾಶಕರ ಪಟ್ಟಿಯಲ್ಲಿ ಮಾತ್ರ 25 ಪ್ರತಿ "ಮಾರಾಟ". ಓದುಗರಿಲ್ಲದ ಈ ಮಾರಾಟವನ್ನು ಯಶಸ್ಸು ಅಂತ ಕರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಇಲ್ಲಿ ಪ್ರಕಾಶಕರ ಲೆಕ್ಕ ಕೆಟ್ಟರೆ ಬರೆ ಬೀಳುವುದು ಅಂಗಡಿಯವನಿಗೆ.

ಇಷ್ಟಾದರೂ ಅಂಗಡಿಗಳು ಬದುಕಿಕೊಂಡು ಬಂದದ್ದಕ್ಕೆ ಒಂದು ಕಾರಣ, ಎಲ್ಲವೂ ಒಂದೇ ಕಡೆಯಿಂದ ಬರುತ್ತಿತ್ತು. 1982ರಲ್ಲಿ ಸ್ಟೀವ್ ಗೆಪ್ಪಿ ಬಾಲ್ಟಿಮೋರ್‌ನಲ್ಲಿ ಶುರುಮಾಡಿದ ಡೈಮಂಡ್ ಹಲವು ವಿತರಕರಲ್ಲಿ ಒಂದಾಗಿತ್ತು. 1994ರ ಕೊನೆಗೆ ಮಾರ್ವೆಲ್ ಸ್ವಂತಕ್ಕೆ ಹೀರೋಸ್ ವರ್ಲ್ಡ್ ಎಂಬ ವಿತರಣಾ ಸಂಸ್ಥೆಯನ್ನು ಕೊಂಡಿತು. ನ್ಯೂಜೆರ್ಸಿಯ ಆ ಸಣ್ಣ ಸಂಸ್ಥೆಗೆ ಇಡೀ ದೇಶಕ್ಕೆ ಪುಸ್ತಕ ಕಳಿಸುವ ಶಕ್ತಿ ಇರಲಿಲ್ಲ. ಉಳಿದ ದೊಡ್ಡ ಪ್ರಕಾಶಕರು ಗಾಬರಿಬಿದ್ದು ಡೈಮಂಡ್ ಜೊತೆ ಒಪ್ಪಂದ ಮಾಡಿಕೊಂಡರು. 1996ರಲ್ಲಿ ಕ್ಯಾಪಿಟಲ್ ಸಿಟಿ ಎಂಬ ಇನ್ನೊಂದು ವಿತರಣಾ ಸಂಸ್ಥೆಯನ್ನು ಡೈಮಂಡ್ ಕೊಂಡಿತು, 1997ರಲ್ಲಿ ಹೀರೋಸ್ ವರ್ಲ್ಡ್ ಮುಚ್ಚಿ ಮಾರ್ವೆಲ್ ಕೂಡ ಡೈಮಂಡ್ ಬಾಗಿಲಿಗೆ ಬಂತು. ಮುಂದಿನ ಇಪ್ಪತ್ತು ಚಿಲ್ಲರೆ ವರ್ಷ ಒಂದೇ ಕ್ಯಾಟಲಾಗ್, ಒಂದೇ ಖಾತೆ, ಒಂದೇ ಬಿಲ್ಲು. ಅನುಕೂಲವಂತೂ ಇತ್ತು. ಆದರೆ 2009ರಲ್ಲಿ ಆ ಒಬ್ಬ ವಿತರಕ ಪುಸ್ತಕವೊಂದಕ್ಕೆ ಬೇಕಾದ ಕನಿಷ್ಠ ಆರ್ಡರ್ ಮೊತ್ತವನ್ನು 1,500ರಿಂದ 2,500 ಡಾಲರಿಗೆ ಏರಿಸಿದಾಗ, ಸಣ್ಣ ಪ್ರಕಾಶಕರಿಗೆ ತಟ್ಟಲು ಅಷ್ಟು ದೊಡ್ಡ ಬೇರೊಂದು ಬಾಗಿಲೇ ಇರಲಿಲ್ಲ.

2020ರ ವಸಂತದಲ್ಲಿ ಕೋವಿಡ್‌ಗೆ ಡೈಮಂಡ್ ಹೊಸ ಪುಸ್ತಕ ಕಳಿಸುವುದನ್ನೇ ನಿಲ್ಲಿಸಿತು. ದೊಡ್ಡ ಪ್ರಕಾಶಕರಾದ ಡಿಸಿ ಕಾಮಿಕ್ಸ್ ಕಾಯಲಿಲ್ಲ, ಜೂನ್‌ನಲ್ಲಿ ಸಂಬಂಧ ಕಡಿದುಕೊಂಡು ಲೂನಾರ್ ಮುಂತಾದ ಬೇರೆ ವಿತರಕರ ಕಡೆ ಹೋಯಿತು. 2021ರ ಅಕ್ಟೋಬರ್‌ನಿಂದ ಮಾರ್ವೆಲ್, ಮಾಮೂಲಿ ಪುಸ್ತಕಗಳ ದೊಡ್ಡ ಸಂಸ್ಥೆಯಾದ ಪೆಂಗ್ವಿನ್ ರ‍್ಯಾಂಡಮ್ ಹೌಸ್‌ಗೆ, 2022ರಲ್ಲಿ ಐಡಿಡಬ್ಲ್ಯು ಮತ್ತು ಡಾರ್ಕ್ ಹಾರ್ಸ್ ಎಂಬ ಪ್ರಕಾಶಕರು ಅದೇ ದಾರಿ, 2023ರಲ್ಲಿ ಇಮೇಜ್ ಪ್ರಕಾಶನ ಲೂನಾರ್‌ಗೆ. ಡೈಮಂಡ್ ಕೈಯಲ್ಲಿ ಉಳಿದವರಲ್ಲಿ ಹೆಚ್ಚಿನವರು ಸಣ್ಣವರು.

ಈ ಬದಲಾವಣೆ ಅಂಗಡಿಯ ಮೇಜಿನ ಮೇಲೆ ಕಣ್ಣಿಗೆ ರಾಚುವಂತೆ ಕಾಣುತ್ತದೆ. ಮೊದಲು ಒಂದು ಬಿಲ್ಲಿಗೆ ಗುರುತು ಹಾಕಿಕೊಂಡು ಪೆಟ್ಟಿಗೆ ಖಾಲಿ ಮಾಡಿದರೆ ಮುಗಿಯುತ್ತಿತ್ತು. ಈಗ ಮೂರು ನಾಲ್ಕು ಖಾತೆ, ಒಂದೊಂದಕ್ಕೂ ಬೇರೆ ಎಫ್‌ಒಸಿ, ಬೇರೆ ಸಾಗಣೆ ದರ, ಹಾಳಾದ ಪ್ರತಿಗೆ ದೂರು ಕೊಡಲು ಬೇರೆ ಬೇರೆ ಗಡುವು. ಆರ್ಡರ್ ಹಂಚಿಹೋದಂತೆ ಒಬ್ಬೊಬ್ಬ ವಿತರಕರ ಪಾಲಿನ ಮೊತ್ತ ಇಳಿಯುತ್ತದೆ; ಮೊತ್ತದ ಮೇಲೆ ನಿಂತಿದ್ದ ಡಿಸ್ಕೌಂಟ್ ಕೂಡ ಇಳಿಯುತ್ತದೆ. ಪ್ಯಾಕಿಂಗ್ ಇನ್ನೊಂದು ತಲೆನೋವು. ದಪ್ಪ ಬೆನ್ನಿನ ಪುಸ್ತಕ ಕಳಿಸಿ ರೂಢಿಯಾದ ಗೋದಾಮುಗಳಿಗೆ, ನಡುವೆ ಎರಡು ಪಿನ್ ಹೊಡೆದ 32 ಪುಟದ ಸಂಚಿಕೆ ಎಷ್ಟು ನಾಜೂಕು ಅನ್ನುವುದು ಬೇಗ ಅರ್ಥವಾಗುವುದಿಲ್ಲ. ಪೆಟ್ಟಿಗೆಯೊಳಗೆ ಒಂದಿಂಚು ಜಾಗ ಖಾಲಿ ಇದ್ದರೆ ಸಾಕು, ಲಾರಿ ಕುಲುಕಿದಾಗ ಇಡೀ ಕಟ್ಟು ಜಾರಿ ಮೂಲೆಗಳು ಜಜ್ಜುತ್ತವೆ. ಬೆನ್ನಿನ ಮೇಲೆ ಪಿನ್ ಹತ್ತಿರ ಉಗುರಿನಿಂದ ಗೀರಿದಂಥ ಬಿಳಿ ಗೆರೆ ಬೀಳುತ್ತದೆ. ಓದುವುದಕ್ಕೆ ಏನೂ ತೊಂದರೆ ಇಲ್ಲ. ಆದರೆ ಸಂಗ್ರಹಿಸುವವರು ಆ ಗೆರೆ ಕಂಡರೆ ಮುಟ್ಟುವುದಿಲ್ಲ. ಅದಕ್ಕೇ ಅಂಗಡಿಯವರು ಟೇಪನ್ನು ಬ್ಲೇಡಿನ ತುದಿಯಿಂದಷ್ಟೇ ಸೀಳಿ, ಪೆಟ್ಟಿಗೆಯ ಹೊರಗಿನ ಫೋಟೊ, ಒಳಗಿನ ಫೋಟೊ, ಏಟು ಬಿದ್ದ ಪ್ರತಿಯ ಫೋಟೊ ತೆಗೆದು, ಆಮೇಲೆ ಎಣಿಸುತ್ತಾರೆ. ಆ ಹುಡುಗಿ ಒಳಗೆ ಬಂದಾಗ ಅವರು ಮಾಡುತ್ತಿದ್ದುದು ಇದೇ ಕೆಲಸ.

ಅಂಗಡಿಗೆ ಬಂದು ಬಿದ್ದದ್ದು ಅಂಗಡಿಯವನದ್ದು, ಇದು ಸ್ಪಷ್ಟ. ಗೋದಾಮಿನಲ್ಲಿ ಕೂತಿರುವುದು ಯಾರದ್ದು?

2025ರ ಜನವರಿ 14ರಂದು ಡೈಮಂಡ್ ಚಾಪ್ಟರ್ 11ರ ಅಡಿ ದಿವಾಳಿ ರಕ್ಷಣೆ ಕೋರಿತು. ಮುಖ್ಯ ಸಾಲ ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನದು. ಸಣ್ಣ ಪ್ರಕಾಶಕರ ಪುಸ್ತಕಗಳು ಹೆಚ್ಚಾಗಿ ಮಿಸಿಸಿಪ್ಪಿಯ ಆಲಿವ್ ಬ್ರಾಂಚ್ ಗೋದಾಮಿನಲ್ಲಿ ಕನ್ಸೈನ್‌ಮೆಂಟ್ ಲೆಕ್ಕದಲ್ಲಿ ಇದ್ದವು. ಅಂದರೆ ವಿತರಕ ಅದನ್ನು ಕೊಂಡಿಲ್ಲ, ಇಟ್ಟುಕೊಂಡಿದ್ದಾನೆ; ಮಾರಿದಷ್ಟಕ್ಕೆ ದುಡ್ಡು ಕೊಡುತ್ತಾನೆ, ಮಾರುವವರೆಗೆ ಮಾಲು ಪ್ರಕಾಶಕರದ್ದೇ. ಅದೇ ವರ್ಷ ಜೂನ್‌ನಲ್ಲಿ, ಈ ದಾಸ್ತಾನನ್ನೂ ಮಾರಿ ಸಾಲಕ್ಕೆ ಜಮಾ ಮಾಡಲು ಅನುಮತಿ ಬೇಕು ಅಂತ ಕೋರ್ಟಿಗೆ ಅರ್ಜಿ ಬಂತು. ನೂರಕ್ಕೂ ಹೆಚ್ಚು ಪ್ರಕಾಶಕರ ಪುಸ್ತಕಗಳ ಪ್ರಶ್ನೆ ಇದು.

ಕಾನೂನಿನ ಸೂಕ್ಷ್ಮ ಇಲ್ಲಿದೆ. ಅಮೆರಿಕದ ವಾಣಿಜ್ಯ ಸಂಹಿತೆ ಪ್ರಕಾರ, ಕನ್ಸೈನ್‌ಮೆಂಟಿಗೆ ಮಾಲು ಕೊಟ್ಟವರು ವಿತರಕನ ಕಂಪನಿ ನೋಂದಣಿಯಾದ ರಾಜ್ಯದಲ್ಲಿ ಯುಸಿಸಿ-1 ಎಂಬ ಅರ್ಜಿ ದಾಖಲಿಸಬೇಕು. ದಾಸ್ತಾನಿನ ಮೇಲೆ ಈಗಾಗಲೇ ಸಾಲ ಕೊಟ್ಟ ಬ್ಯಾಂಕಿದ್ದರೆ, ಮಾಲು ತಲುಪುವ ಮೊದಲೇ ಅದಕ್ಕೆ ಲಿಖಿತ ತಿಳಿವಳಿಕೆ ಕೊಡಬೇಕು. ಅರ್ಜಿಯ ಆಯಸ್ಸು ಐದು ವರ್ಷ, ಆಮೇಲೆ ನವೀಕರಿಸಬೇಕು. ಇದೆಲ್ಲ ಮಾಡಿದ್ದರೆ ಬ್ಯಾಂಕಿಗಿಂತ ನಿಮ್ಮ ಹಕ್ಕು ಮುಂದೆ. ಮಾಡದಿದ್ದರೆ, ನಿಮ್ಮ ಹೆಸರು ಅಚ್ಚಾಗಿರುವ ಪುಸ್ತಕವೇ ಆದರೂ, ಸಾಲ ಕೊಟ್ಟವರ ಕಣ್ಣಿಗೆ ಅದು ವಿತರಕನ ಆಸ್ತಿ. ಪ್ರಕಾಶಕರಿಗೆ ಉಳಿಯುವ ವಾದ ಒಂದುಂಟು: ಈ ಸಂಸ್ಥೆ ಬಹುಮಟ್ಟಿಗೆ ಬೇರೆಯವರ ಮಾಲನ್ನು ಮಾರುತ್ತದೆಂದು ಸಾಲ ಕೊಟ್ಟವರಿಗೆ ಸಾಮಾನ್ಯವಾಗಿ ತಿಳಿದಿತ್ತು ಎಂದು ತೋರಿಸಿದರೆ ಆ ನಿಯಮ ತಾಗುವುದಿಲ್ಲ. ಕನ್ಸೈನ್‌ಮೆಂಟ್ ಬಿಟ್ಟು ವಿತರಕನಿಗೇ ನೇರ ಮಾರಿದವರಿಗೂ ಪೂರ್ತಿ ನೆಮ್ಮದಿ ಇಲ್ಲ. ದಿವಾಳಿ ಅರ್ಜಿಗೆ ಹಿಂದಿನ 20 ದಿನಗಳೊಳಗೆ ತಲುಪಿದ ಮಾಲಿನ ದುಡ್ಡಿಗೆ ಮಾತ್ರ ಆದ್ಯತೆ, ಅದಕ್ಕೂ ಹಿಂದಿನದು ಸರದಿಯ ಕೊನೆಗೆ.

ಮನೆಯ ಊಟದ ಮೇಜಿನ ಮೇಲೆ ಚಿತ್ರ ಬರೆದು, ಮುದ್ರಕರಿಗೆ ಮುಂಗಡ ಕಟ್ಟಿ, ಪೆಟ್ಟಿಗೆಗಳನ್ನು ಗೋದಾಮಿಗೆ ಕಳಿಸಿದ ಲೇಖಕರಿಗೆ ಈ ಅರ್ಜಿಯ ಹೆಸರು ಯಾರು ಹೇಳಿದ್ದರು? ಬ್ಯಾಂಕನ್ನು ನಾನು ಬೈಯುವುದಿಲ್ಲ. ತನ್ನ ಸಾಲ ಕೇಳುವುದು ಅದರ ಕೆಲಸ. ಗೆಪ್ಪಿಯವರಿಗೆ ಕಾಮಿಕ್ಸ್ ಮೇಲೆ ಪ್ರೀತಿ ಇರಲಿಲ್ಲ ಅಂತಲೂ ಹೇಳಲಾರೆ. 2018ರಲ್ಲಿ ತಮ್ಮ ಸಂಗ್ರಹದ ಸಾವಿರಾರು ವಸ್ತುಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟವರು ಅವರು. ನನ್ನ ತಕರಾರು ಈ ವ್ಯವಸ್ಥೆಯನ್ನು ಇಪ್ಪತ್ತು ವರ್ಷ ಅನುಭವಿಸಿ, ಸಮಯ ಬಂದಾಗ ತಮ್ಮ ಪುಸ್ತಕಗಳನ್ನಷ್ಟೇ ಎತ್ತಿಕೊಂಡು ಹೊರಟ ದೊಡ್ಡವರ ಮೇಲೆ. ಅವರು ಹೋದ ಮೇಲೆ ಗೋದಾಮಿನ ಬಾಡಿಗೆ ಹೊರಲು ಉಳಿದದ್ದು ಸಣ್ಣ ಪುಸ್ತಕಗಳು. ಅವು ಹೊರಲಾರವು ಅನ್ನುವುದು ಹೊರಟವರಿಗೆ ಗೊತ್ತಿರಲಿಲ್ಲವೇ?

ಈಗ ಮಾಡಬಹುದಾದ್ದು ಏನು? ಸಣ್ಣ ಪ್ರಕಾಶಕರು ಮುದ್ರಿಸಿದ್ದನ್ನೆಲ್ಲ ಒಂದೇ ಕಡೆ ಕಳಿಸದೆ ಅರ್ಧವನ್ನಾದರೂ ಕೈಯಲ್ಲಿಟ್ಟುಕೊಳ್ಳಬೇಕು. ಕಿಕ್‌ಸ್ಟಾರ್ಟರ್‌ನಲ್ಲಿ ಓದುಗರಿಂದ ಮುಂಗಡ ಪಡೆಯುವವರು ಅಂಗಡಿಗಳಿಗೆಂದೇ ಐದು ಅಥವಾ ಹತ್ತು ಪ್ರತಿಯ ಕಟ್ಟನ್ನು ಅರ್ಧ ಬೆಲೆಗೆ ಇಡುವುದು ಈಗ ರೂಢಿಗೆ ಬಂದಿದೆ, ಒಳ್ಳೆಯ ರೂಢಿ. ಇಲ್ಲೂ ಒಂದು ತೊಡಕು: ಅಮೆರಿಕದ ಅಂಚೆಯ ಅಗ್ಗದ ಮೀಡಿಯಾ ಮೇಲ್ ಜಾಹೀರಾತು ಇರುವ ಪುಸ್ತಕಗಳಿಗೆ ಸಿಗುವುದಿಲ್ಲ, ಆದ್ದರಿಂದ ಮಾಮೂಲಿ ಕಾಮಿಕ್ಸ್ ಸಂಚಿಕೆಗಳಿಗೆ ಆ ದರ ಇಲ್ಲ. ಐದು ಪ್ರತಿಯ ಮೇಲಿನ ಲಾಭ ಪಾರ್ಸೆಲ್ ಖರ್ಚಿಗೇ ಕರಗುತ್ತದೆ. ಹತ್ತಿರದ ಮೂರು ನಾಲ್ಕು ಅಂಗಡಿಗಳು ಸೇರಿ ಒಂದೇ ಪೆಟ್ಟಿಗೆ ತರಿಸಿ ಹಂಚಿಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ. ಅಕ್ಕಪಕ್ಕದ ಅಂಗಡಿಯವರು ಪರಸ್ಪರ ಫೋನ್ ಮಾಡಿಕೊಳ್ಳಬೇಕು, ಅಷ್ಟೇ.

ಓದುಗರಿಗೆ ಇರುವ ಕೆಲಸ ಇನ್ನೂ ಸುಲಭ. ಬೇಕಾದ ಮಾಲಿಕೆಯ ಹೆಸರನ್ನು ಎಫ್‌ಒಸಿಗೆ ಮೊದಲೇ ಅಂಗಡಿಯ ಪುಲ್ ಲಿಸ್ಟಿನಲ್ಲಿ, ಅಂದರೆ ಗಿರಾಕಿಗಳ ಹೆಸರಿಗೆ ಎತ್ತಿಡುವ ಪಟ್ಟಿಯಲ್ಲಿ, ಬರೆಸಿ, ಬಂದದ್ದನ್ನು ತಿಂಗಳೊಳಗೆ ಒಯ್ಯಿರಿ. ಬರೆಸಿ ಬಾರದೆ ಇರುವವರು ಅಂಗಡಿಯವರಿಗೆ ಮಾಡುವ ನಷ್ಟ, ಬರೆಸದವರಿಗಿಂತ ಹೆಚ್ಚು. ಸಣ್ಣ ಪ್ರಕಾಶಕರ ಸಂಚಿಕೆಯಾದರೆ ದುಡ್ಡು ಮೊದಲೇ ಕೊಡಿ. ಐದು ಡಾಲರಿನ ಆ ಮುಂಗಡದಿಂದ ಅಂಗಡಿಯವರು ಧೈರ್ಯವಾಗಿ ಎರಡು ಪ್ರತಿ ತರಿಸುತ್ತಾರೆ, ಒಂದು ನಿಮಗೆ, ಇನ್ನೊಂದು ಕಪಾಟಿಗೆ.