ಎಕ್ಸ್‌ರೇ ಇಲ್ಲದೆ ಬಂದ ಮೂಳೆ ಚೂರು

ಹುಬ್ಬಳ್ಳಿಯ ನಮ್ಮ ಲ್ಯಾಬಿಗೆ ಬಂದ ಡಬ್ಬಿಯ ಜೊತೆ ಇದ್ದದ್ದು ಒಂದೇ ಸಾಲಿನ ಚೀಟಿ: ಹೆಂಗಸು, 67, ತೊಡೆಮೂಳೆ, ಮೆಟಾಸ್ಟಾಸಿಸ್ ಇರಬಹುದೇ? ಪ್ರಶ್ನೆ ತಪ್ಪೇನಲ್ಲ. ಆ ವಯಸ್ಸಿನಲ್ಲಿ ಮೂಳೆ ಕರಗಿದ್ದರೆ ಮೊದಲು ನೆನಪಾಗುವುದು ಬೇರೆಲ್ಲಿಂದಲೋ ಹರಡಿದ ಕ್ಯಾನ್ಸರ್, ಇಲ್ಲವೇ ಮಜ್ಜೆಯ ಕ್ಯಾನ್ಸರ್ ಆದ ಮೈಲೋಮ.

ಗಟ್ಟಿ ಚೂರುಗಳನ್ನು ಮೆತ್ತಗಾಗಲೆಂದು ಆ್ಯಸಿಡ್‌ನಲ್ಲಿ ನೆನೆಹಾಕಿದೆ. ಮೆತ್ತಗಿದ್ದ ಎರಡನ್ನು ಮಾತ್ರ ಪಕ್ಕಕ್ಕಿಟ್ಟೆ. ಆ್ಯಸಿಡ್ ತಾಗಿದರೆ ಡಿಎನ್‌ಎ ಕೆಡುತ್ತದೆ, ಮುಂದೆ ಜೀನ್ ಟೆಸ್ಟ್ ಬೇಕೆಂದರೆ ಕೈ ಬರಿದು. (ಹಿಂದೊಮ್ಮೆ ಪೆಟ್ಟು ತಿಂದು ಕಲಿತದ್ದು.)

ಸ್ಲೈಡಿನಲ್ಲಿ ಕದಿರಿನಂಥ ಉದ್ದುದ್ದ ಜೀವಕೋಶಗಳು, ಅಂಕೆಯಿಲ್ಲದ ನ್ಯೂಕ್ಲಿಯಸ್‌ಗಳು. ಹರಡಿ ಬಂದ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಕಾಣುವ ಕೆರಾಟಿನ್ ಎಂಬ ಪ್ರೋಟೀನ್ ನೆಗೆಟಿವ್. ಸಾರ್ಕೋಮ (ಮೂಳೆ, ಸ್ನಾಯುವಿನಂಥ ಅಂಗಾಂಶದಲ್ಲೇ ಹುಟ್ಟುವ ಕ್ಯಾನ್ಸರ್) ಎಂದು ಬರೆದು ಮುಗಿಸಬಹುದಿತ್ತು. ಆದರೆ ಎಕ್ಸ್‌ರೇ ನೋಡದೆ ಮೂಳೆ ರಿಪೋರ್ಟಿಗೆ ಸಹಿ ಹಾಕಬೇಡ ಅಂತ ನಮ್ಮ ಮೇಷ್ಟ್ರು ಬೈದೇ ಕಲಿಸಿದ್ದರು.

ಆ ಹೆಂಗಸಿನ ಮಗನಿಗೆ ಫೋನ್ ಮಾಡಿದೆ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೆಗೆದ ಫೋಟೊ ವಾಟ್ಸಾಪ್‌ಗೆ ಬಂತು. ಕಿಟಕಿಯ ಸರಳು ಸರಿಯಾಗಿ ಮೂಳೆಯ ಮೇಲೇ! "ಹೊರಗ ಬಂದು ಆಕಾಶಕ್ಕ ಹಿಡೀರಿ" ಅಂದೆ. ಎರಡನೆಯದರಲ್ಲಿ ಕಂಡಿತು. ಕೆಳಗೆ ಚುರುಮುರಿ ಚೆಲ್ಲಿದ ಹಾಗೆ ಸುಣ್ಣದ ಚುಕ್ಕೆ, ಉಂಗುರ: ಮೃದ್ವಸ್ಥಿಯ (ಕಾರ್ಟಿಲೇಜ್) ಗಡ್ಡೆಯ ಗುರುತು. ಅದರ ಮೇಲೆ ಮೂಳೆಯನ್ನು ತಿಂದುಹಾಕಿದ ಕಪ್ಪು ಜಾಗ. ಸೂಜಿ ಹೋಗಿದ್ದು ಕಪ್ಪಿಗೆ ಮಾತ್ರ.

ಡಿಡಿಫರೆನ್ಶಿಯೇಟೆಡ್ ಕಾಂಡ್ರೊಸಾರ್ಕೋಮ. ನಿಧಾನವಾಗಿ ಬೆಳೆಯುತ್ತಿದ್ದ ಮೃದ್ವಸ್ಥಿಯ ಗಡ್ಡೆಯಲ್ಲೇ ಇನ್ನೊಂದು ಉಗ್ರವಾದದ್ದು ಏಳುತ್ತದೆ. 1971ರಲ್ಲಿ ಇದನ್ನು ವಿವರಿಸಿದವರು ಮೇಯೊ ಕ್ಲಿನಿಕ್‌ನ ಡಾಲಿನ್ ಮತ್ತು ಬೋಬೌಟ್: ಒಬ್ಬರು ಸ್ಲೈಡ್ ನೋಡುವ ಪೆಥಾಲಜಿಸ್ಟ್, ಇನ್ನೊಬ್ಬರು ಎಕ್ಸ್‌ರೇ ನೋಡುವ ರೇಡಿಯಾಲಜಿಸ್ಟ್. ಒಬ್ಬರೇ ಆಗಿದ್ದರೆ ಅರ್ಧವೇ ಕಾಣುತ್ತಿತ್ತೇನೋ.

ಸರ್ಜನ್ ಮಂಗಳವಾರ ಮೂಳೆಯೊಳಗೆ ರಾಡ್ ಹಾಕುವವರಿದ್ದರು, ಮೂಳೆ ಮುರಿಯದಿರಲಿ ಅಂತ. ಹರಡಿ ಬಂದ ಕ್ಯಾನ್ಸರ್ ಆಗಿದ್ದರೆ ಅದು ಸರಿ. ಇಲ್ಲಿ ಹಾಕಿದ್ದರೆ ಗಡ್ಡೆಯನ್ನು ಮಜ್ಜೆಯುದ್ದಕ್ಕೂ ನಾವೇ ತಳ್ಳಿದಂತೆ. ಸುತ್ತಲಿನ ಒಳ್ಳೆಯ ಭಾಗದ ಸಮೇತ, ಸೂಜಿ ಹೋದ ದಾರಿಯನ್ನೂ ಸೇರಿಸಿ ಅದನ್ನು ಇಡಿಯಾಗಿ ತೆಗೆಯುವುದು ಕಷ್ಟವಾಗುತ್ತಿತ್ತು. ಇದನ್ನು ಹೇಳಿದಾಗ "ಹೌದೇನ್ರಿ ಮೇಡಂ?" ಅಂದ ಸರ್ಜನ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಲಿಸ್ಟಿನಿಂದ ಹೆಸರು ತೆಗೆಸಿದರು.

ಸುಣ್ಣದ ಜಾಗದಿಂದ ಮತ್ತೆ ತೆಗೆದ ಚೂರಿನಲ್ಲಿ ಮೃದ್ವಸ್ಥಿ ಸಿಕ್ಕಿತು. ಪಕ್ಕಕ್ಕಿಟ್ಟಿದ್ದ ಚೂರಿನಲ್ಲಿ ಐಡಿಎಚ್1 ಎಂಬ ಜೀನಿನ ಮ್ಯುಟೇಶನ್ ಕೂಡ. ಈ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಐಡಿಎಚ್ ಬದಲಾವಣೆ ಇರುತ್ತದೆ.

"ಅವ್ವಗ ತೊಡಿ ನೋವು ಏಳೆಂಟು ವರ್ಷದಿಂದ ಐತ್ರಿ" ಅಂದ ಮಗ. "ವಯಸ್ಸಾತು ಅಂತ ಎಣ್ಣಿ ಹಚ್ಚಿ ತಿಕ್ಕತಿದ್ವಿ. ಈಗ ಎರಡು ತಿಂಗಳಿಂದ ರಾತ್ರಿ ನಿದ್ದಿನೇ ಇಲ್ರಿ."

ನಾಳೆ ಎದೆಯ ಸಿಟಿ. ಇದು ಹರಡಿದರೆ ಹೆಚ್ಚಾಗಿ ಹೋಗುವುದು ಶ್ವಾಸಕೋಶಕ್ಕೆ.