ಬೀಡಿ ಕಟ್ಟಿನ ರೇಟು, ಮಣಿಪಾಲದ ಬಸ್ಸು

ಹೋದ ವಾರ ಚಿಕ್ಕಪ್ಪನ್ನ ಕರ್ಕೊಂಡು ಮತ್ತೆ ಮಣಿಪಾಲಕ್ಕೆ ಹೋಗ್ಬಂದೆ, ಈ ವರ್ಷ ನಾಲ್ಕನೇ ಸಲ. ಕಾರವಾರದಲ್ಲಿ ಬೆಳಿಗ್ಗೆ ಬಸ್ ಹತ್ತಿದ್ರೆ ಮುಟ್ಟೋವಾಗ ಮಧ್ಯಾಹ್ನ. ಎಕ್ಸ್‌ರೇ ಕವರು ತೊಡೆ ಮೇಲಿಟ್ಕೊಂಡು ಕೂತಿದ್ರು, ಕುಮಟಾದಲ್ಲಿ ಚಾ ಕುಡಿಯೋಕೆ ಇಳಿದೋರು ವಾಪಸ್ ಬಸ್ಸಿನ ಮೂರು ಮೆಟ್ಲು ಹತ್ತೋಕೆ ಎರಡು ಸಲ ನಿಂತ್ರು. ಮೂವತ್ತು ವರ್ಷ ಬೈತಖೋಲ್ ಬಂದರಲ್ಲಿ ಬೋಟಿನ ಕೆಲಸ, ಗಾಳಿಗೆ ಬೆನ್ನು ಮಾಡಿ ಎರಡೂ ಕೈ ಗೂಡು ಕಟ್ಟಿ ಬೀಡಿ ಹಚ್ಚೋರು, ದಿನಕ್ಕೆ ಎರಡು ಕಟ್ಟು.

ನಮ್ಮನೇಲೇ ಒಬ್ರು ಹೇಳಿದ್ರು, ಬೀಡಿ ಬಿಡೋನು ತಾನೇ ಬಿಡ್ತಾನೆ, ಬಿಡಿಸೋ ಕೆಲಸಕ್ಕೆಲ್ಲ ಸರ್ಕಾರ ಯಾಕೆ ದುಡ್ಡು ಹಾಕ್ಬೇಕು ಅಂತ. ನಂಗೆ ಸಿಟ್ಟೇ ಬಂತು. 2017-18ರಲ್ಲಿ ತಂಬಾಕಿನ ಕಾಯಿಲೆ, ಸಾವುಗಳಿಂದ ದೇಶಕ್ಕಾದ ನಷ್ಟ 1.77 ಲಕ್ಷ ಕೋಟಿ, ಔಷಧದ ಖರ್ಚು ಹೋದ ದುಡಿಮೆ ಎಲ್ಲ ಸೇರಿ, ತಂಬಾಕಿನ ಅಬಕಾರಿ ತೆರಿಗೆ 100 ರೂಪಾಯಿ ಬಂದ್ರೆ 816 ರೂಪಾಯಿ ಕೈಬಿಟ್ಟು ಹೋಗ್ತಿತ್ತು! ನಾನೂ ಚಿಕ್ಕಪ್ಪನೂ ಕಳ್ಕೊಂಡ ಕೂಲಿ, ಬಸ್ ಚಾರ್ಜು, ಸ್ಕ್ಯಾನು ಎಲ್ಲ ಅದೇ ಲೆಕ್ಕದ ತುಣುಕು.

ಅದರ ಮುಂದೆ ತಂಬಾಕು ಬಿಡೋಕೆ ನೆರವಾಗೋ ಸರ್ಕಾರದ ಸಹಾಯವಾಣಿ 1800-112-356 ಏನು ದೊಡ್ಡ ಖರ್ಚು ಹೇಳಿ, ಫೋನ್ ಮಾಡಿದ್ರೆ ದುಡ್ಡಿಲ್ಲ. ನಂಬರು ಪ್ಯಾಕೆಟ್ ಮೇಲೇ ಇರತ್ತೆ, ಆದ್ರೆ ಚಿಕ್ಕಪ್ಪಂಗೆ ಓದೋಕೆ ಬರಲ್ಲ, ನಾನೇ ಡಯಲ್ ಮಾಡಿ ಕೊಟ್ಟೆ. ಆ ಕಡೆಯವ್ರು ಆತುರ ಮಾಡದೆ ಮಾತಾಡಿದ್ರು, ಬೆಳಿಗ್ಗೆ ಚಾ ಜೊತೆ ಸೇದೋ ಮೊದಲ್ನೇ ಬೀಡಿಯಿಂದಲೇ ಬಿಡೋದು ಶುರು ಮಾಡಿ ಅಂದ್ರು, ಐದು ತಿಂಗಳಾಯ್ತು ಮುಟ್ಟಿಲ್ಲ. ಇದನ್ನ ಹತ್ತು ವರ್ಷ ಮೊದಲೇ ಮಾಡಿದ್ರೆ ಅನ್ಸತ್ತೆ.

ಅದಕ್ಕಿಂತ ಅಗ್ಗದ್ದು ತೆರಿಗೆ ಏರಿಸೋದು, ಸರ್ಕಾರಕ್ಕೆ ಖರ್ಚಿಲ್ಲ, ಮೇಲಿಂದ ದುಡ್ಡೇ ಬರತ್ತೆ. ತೆರಿಗೆಯಿಂದ ರೇಟು ಶೇಕಡಾ 10 ಏರಿದ್ರೆ ನಮ್ಮಂಥ ದೇಶಗಳಲ್ಲಿ ಸೇದೋದು ಸುಮಾರು ಶೇಕಡಾ 5 ಕಮ್ಮಿ ಆಗತ್ತೆ, ಅದ್ರಲ್ಲೂ ಬಡವ್ರು, ಎಳೇ ಹುಡುಗ್ರು ಸೇದೋದು ಇನ್ನೂ ಜಾಸ್ತಿ ಇಳಿಯತ್ತೆ. ಆದ್ರೆ 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ ಸೆಸ್ ಅಂತ ಮೇಲ್ತೆರಿಗೆ ಹಾಕಿದ್ರು, ಬೀಡಿಗೆ ಹಾಕ್ಲಿಲ್ಲ, 2025ರಲ್ಲಿ ಬೀಡಿ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಸೋಕೆ ತೀರ್ಮಾನ ಮಾಡಿದ್ರು. ಬಡವರ ಬೀಡಿ ಅಂತಾರೆ, ಬಡವರ ಎದೆಗೂಡಿನ ಲೆಕ್ಕ ಯಾರೂ ಹೇಳಲ್ಲ.

ನಿನ್ನೆ ಬಂದರಲ್ಲಿ ಬಲೆ ತುಂಬಿಸ್ತಿದ್ದ ಹುಡುಗನೊಬ್ಬನ ಜೇಬಲ್ಲಿ ಅದೇ ಕಟ್ಟು ಕಾಣ್ತು, ಮೀಸೆ ಇನ್ನೂ ಸರಿ ಮೂಡಿಲ್ಲ. ನಮ್ಮ ರಾಜ್ಯದಲ್ಲಿ 2025ರಿಂದ 21 ತುಂಬದವರಿಗೆ ಮಾರೋ ಹಾಗಿಲ್ಲ. ಚಿಕ್ಕಪ್ಪ ಅವನನ್ನ ಕರ್ದು, "ತಮಾ, ನನ್ನ ಉಸಿರು ಕೇಳು ಒಂಚೂರು" ಅಂದ್ರು.