ಆರರಲ್ಲಿ ಮೂರಕ್ಕೆ ರಜೆ

ಅಮೆರಿಕದಿಂದ ಭಾವ ಬಂದಿದ್ದಾರೆ. ಮಂಗಳೂರಿನ ಪಂಪ್‌ವೆಲ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗಲೂ ಅವರದ್ದು ಅಲ್ಲಿಯ ಮಿನಿವ್ಯಾನಿನದ್ದೇ ಮಾತು.

ಆರು ಸಿಲಿಂಡರಿನ ಎಂಜಿನ್. ಹೈವೇಯಲ್ಲಿ ಒಂದೇ ಸ್ಪೀಡಲ್ಲಿ ಹೋಗುವಾಗ ಮೂರು ಸಿಲಿಂಡರಿಗೆ ಪೆಟ್ರೋಲ್ ಬಂದ್. ವಾಲ್ವ್ ಮುಚ್ಚಿಕೊಂಡಿರುತ್ತದೆ, ಪಿಸ್ಟನ್ ಸುಮ್ನೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಪೆಟ್ರೋಲ್ ಸ್ವಲ್ಪ ಉಳಿಯುತ್ತದೆ, ನಿಜ. ಆದರೆ ಇವರ ವ್ಯಾನು ನಡುಗಲು, ಆಯಿಲ್ ಕುಡಿಯಲು ಶುರು ಮಾಡಿತಂತೆ. ಬಿಚ್ಚಿ ನೋಡಿದರೆ ಸ್ಪಾರ್ಕ್ ಪ್ಲಗ್ ಕಪ್ಪಗೆ, ಎಣ್ಣೆ ಎಣ್ಣೆ.

ಅದಕ್ಕೆ ಎಂಜಿನ್ನಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರಿನ ವೈರಿಗೆ, ಕರೆಂಟ್ ಸ್ವಲ್ಪ ತಡೆಯುವ ಒಂದು ಚಿಕ್ಕ ರೆಸಿಸ್ಟರ್ ಸಿಕ್ಕಿಸಿದ್ದಾರೆ. ಎಂಜಿನ್ ಇನ್ನೂ ಸರಿಯಾಗಿ ಬಿಸಿಯಾಗಿಲ್ಲ ಅಂತ ವ್ಯಾನಿನ ಕಂಪ್ಯೂಟರ್ ನಂಬುತ್ತದೆ, ಬಿಸಿಯಾಗುವವರೆಗೆ ಅದು ಸಿಲಿಂಡರ್ ಬಂದ್ ಮಾಡುವುದಿಲ್ಲ. ಒಳ್ಳೆಯ ಸುಳ್ಳು!

1981ರಲ್ಲಿ ಕ್ಯಾಡಿಲಾಕ್ ಕಾರಿನಲ್ಲೂ ಇಂಥದ್ದೇ ಬಂದಿತ್ತು. ಎಂಟು ಸಿಲಿಂಡರ್, ಬೇಕಾದರೆ ಆರು, ಇಲ್ಲ ನಾಲ್ಕು. ಎಷ್ಟೋ ಜನ ವೈರ್ ತಪ್ಪಿಸಿ ಎಂಟರಲ್ಲೇ ಓಡಿಸಿದರು. ಉಳಿತಾಯಕ್ಕೆ ಅಂತ ಕೊಟ್ಟದ್ದನ್ನು ತೆಗೆಯಲು ನಾವೇ ಖರ್ಚು ಮಾಡುವುದು, ತಮಾಷೆ ಅಲ್ವಾ?

"ನಡುಕ ನಿಂತಿತಲ್ಲ, ಇನ್ನಾದ್ರೂ ಆ ವಿಷಯ ಬಿಡಿ ಮಾರಾಯ್ರೆ" ಎಂದಳು ಅಕ್ಕ. ನನಗೆ ಮಾತ್ರ ಒಂದು ಸಂಶಯ. ನಾಳೆ ಎಂಜಿನ್ ನಿಜವಾಗಿ ಕಾದರೂ ಕಂಪ್ಯೂಟರಿಗೆ ಬಿಸಿ ಕಮ್ಮಿಯೇ ಕಾಣುತ್ತದಲ್ಲ? ಕೇಳಿದೆ. ಭಾವ ಎಸಿ ಜಾಸ್ತಿ ಮಾಡಿದರು.